ಬೀಡಿಗೆ ಹೊಲಿಗೆ ಹಾಕುವವರು

ಎಂಜಿನ್ ಕಾದು ದಾರಿಯಲ್ಲಿ ನಿಂತ ಲಾರಿಯ ಮಾಲೀಕನ ಕಿವಿಗೆ ಮೊದಲು ಬೀಳುವ ಮಾತು ‘ಹೆಡ್ ಹೋಗಿದೆ’. ಆ ಒಂದು ಮಾತಿನೊಳಗೆ ಹಲವು ರೋಗಗಳು ಅಡಗಿರುತ್ತವೆ. ಗ್ಯಾಸ್ಕೆಟ್ ಮಾತ್ರ ಸುಟ್ಟಿರಬಹುದು, ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನ ಮುಖ ಬಾಗಿರಬಹುದು, ಎರಡು ವಾಲ್ವ್‌ಗಳ ನಡುವಿನ ಕಿರಿದಾದ ಜಾಗದಲ್ಲಿ ಬಿರುಕು ಬಿಟ್ಟಿರಬಹುದು. ಯಾವುದೆಂದು ತಿಳಿಯುವ ಮೊದಲೇ ಹೊಸ ಹೆಡ್ಡಿನ ರೇಟು ಕೇಳಲು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಫೋನ್ ಹೋಗಿರುತ್ತದೆ. ರೇಟು ಕೇಳುವುದು ಕೊನೆಯ ಕೆಲಸ. ಹೆಡ್ಡನ್ನು ತೊಳೆದು, ನೀರಿನ ದಾರಿಗಳನ್ನು ಮುಚ್ಚಿ, ಒಳಗೆ ಗಾಳಿಯ ಒತ್ತಡ ಕೊಟ್ಟು ನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳೇ ಬಿರುಕಿನ ಜಾಗ ತೋರಿಸುತ್ತವೆ. ಉಳಿಸಬೇಕೋ ಬಿಸಾಡಬೇಕೋ ಎಂಬ ಪ್ರಶ್ನೆ ಹುಟ್ಟಬೇಕಾದದ್ದು ಅಲ್ಲಿಂದ.

ಹಳೆಯ ಡೀಸೆಲ್ ಹೆಡ್ಡುಗಳು ಬೀಡುಕಬ್ಬಿಣದವು. ಇಂಗಾಲ ಹೆಚ್ಚಿರುವ ಈ ಲೋಹಕ್ಕೆ ಬೆಸುಗೆ ಒಗ್ಗುವುದು ಕಷ್ಟ. ಹೆಡ್ಡನ್ನೆಲ್ಲ ಮೊದಲು ಹದವಾಗಿ ಕಾಯಿಸದೆ ಒಂದೇ ಕಡೆ ಜ್ವಾಲೆ ತಾಗಿಸಿದರೆ, ಆರುವಾಗ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಅದಕ್ಕೇ ‘ಹೊಲಿಗೆ’. ಬೆಂಕಿ ಹಚ್ಚಿದರೆ ಸ್ಫೋಟದ ಭಯವಿದ್ದ ಅಮೆರಿಕದ ಟೆಕ್ಸಾಸ್ ತೈಲಬಾವಿಗಳಲ್ಲಿ 1930ರ ದಶಕದಲ್ಲಿ ಬೆಳೆದ ವಿದ್ಯೆ ಇದು. ಬಿರುಕಿಗೆ ಅಡ್ಡಲಾಗಿ ತೋಡು ಕೊರೆದು ಲೋಹದ ಕೀಲಿಗಳನ್ನು ಬಡಿದು ಕೂರಿಸುತ್ತಾರೆ. ಆಮೇಲೆ ಬಿರುಕಿನ ಉದ್ದಕ್ಕೂ ತೂತು ಕೊರೆದು, ಮರೆ (ಥ್ರೆಡ್) ಹಾಕಿ, ಒಂದೊಂದೇ ಸ್ಕ್ರೂ ಬಿಗಿಯುತ್ತಾರೆ. ಚಂದವಿರುವುದು ಇಲ್ಲಿ: ಎರಡನೆಯ ತೂತು ಮೊದಲ ಸ್ಕ್ರೂವಿನ ಅಂಚನ್ನು ಕಚ್ಚಿಕೊಂಡೇ ಬೀಳಬೇಕು, ಮೂರನೆಯದು ಎರಡನೆಯದನ್ನು. ಮಲ್ಲಿಗೆ ಕಟ್ಟುವಾಗ ಒಂದು ಗಂಟು ಮುಂದಿನದನ್ನು ಹಿಡಿದುಕೊಳ್ಳುವಂತೆ. ಕೊನೆಗೆ ಮೇಲೆ ಉಳಿದದ್ದನ್ನು ಉಜ್ಜಿ ಸಮ ಮಾಡಿದರೆ ಮುಗಿಯಿತು. ಆದರೆ ನೀರಿನ ದಾರಿಯ ಗೋಡೆ ತುಕ್ಕು ತಿಂದು ತೆಳುವಾಗಿದ್ದರೆ ಮರೆ ಹಿಡಿಯಲು ಲೋಹವೇ ಇರುವುದಿಲ್ಲ. ಆಗ ‘ಆಗಲ್ಲ, ತಗೊಂಡು ಹೋಗಿ’ ಎಂದು ಬಂದ ಗಿರಾಕಿಯನ್ನು ಕಳಿಸುವುದೂ ಈ ಕಸುಬಿನ ಭಾಗವೇ.

ಅಲ್ಯೂಮಿನಿಯಂ ಹೆಡ್ಡಿನ ಕಥೆ ಬೇರೆ. ಅದು ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೀಡಿನ ಬ್ಲಾಕಿಗೆ ಬಿಗಿದಿದ್ದಾಗ ಅತಿಯಾಗಿ ಕಾದರೆ ಬಾಗುತ್ತದೆ. ನೇರಪಟ್ಟಿಯ ಕೆಳಗೆ 0.05 ಮಿ.ಮೀ. ದಪ್ಪದ ಫೀಲರ್ ಗೇಜ್ ತೂರಿದರೆ ಅನೇಕ ಕಾರುಗಳಲ್ಲಿ ಮಿತಿ ಮುಟ್ಟಿದಂತೆ. ಮುಖ ಹೆರೆದು ಸಮ ಮಾಡುವ ಫೇಸಿಂಗ್ ಮಾಡಿಸಬಹುದು, ಆದರೆ ಕಂಪನಿ ಹೇಳಿದ ದಪ್ಪಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಕಾದು ಗಡಸುತನ ಕಳೆದುಕೊಂಡ ಹೆಡ್ಡನ್ನು ಎಷ್ಟು ನಯವಾಗಿ ಫೇಸ್ ಮಾಡಿದರೂ ಬೋಲ್ಟಿನ ಕೆಳಗೆ ಕುಸಿಯುತ್ತದೆ. ಅಂಥದ್ದನ್ನು ಗುಜರಿಗೆ ಹಾಕುವುದೇ ಸರಿ.

ಗಾಡಿ ನಿಂತರೆ ದಿನದ ಬಾಡಿಗೆ ಹೋಗುತ್ತದೆ, ಹೊಸದಕ್ಕಾದರೆ ಗ್ಯಾರಂಟಿ ಇದೆ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಲೋನಿನ ಕಂತು ಹೊಲಿಗೆ ಮುಗಿಯುವವರೆಗೆ ಕಾಯುವುದಿಲ್ಲ. ಆದರೆ ರೇಡಿಯೇಟರ್ ಕಟ್ಟಿಕೊಂಡಿದ್ದರೆ, ಥರ್ಮೋಸ್ಟ್ಯಾಟ್ ಅಂಟಿಕೊಂಡಿದ್ದರೆ, ಹೊಸ ಹೆಡ್ಡೂ ಅದೇ ಹಾದಿ ಹಿಡಿಯುತ್ತದೆ. ಹಳೆಯದನ್ನು ಕೂತು ಪರೀಕ್ಷಿಸುವವನ ಕಣ್ಣಿಗೆ ಬೀಳುವ ಈ ಕಾರಣ, ಡಬ್ಬಿ ಬಿಚ್ಚಿ ಹೊಸದನ್ನು ಕೂರಿಸುವ ಅವಸರದಲ್ಲಿ ತಪ್ಪಿಹೋಗುತ್ತದೆ. ಬೀಡಿನ ಹೆಡ್ಡಿನ ಹಳೆಯ ಲಾರಿಗಳು ಒಂದೊಂದಾಗಿ ಗುಜರಿ ಸೇರುತ್ತಿವೆ. ಇನ್ನೂ ಓಡುತ್ತಿರುವವುಗಳಲ್ಲಿ ಎಷ್ಟಕ್ಕೆ ಹೊಲಿಗೆ ಬಿದ್ದಿದೆಯೋ, ಮೇಲೆ ಬಣ್ಣ ಬಳಿದ ಮೇಲೆ ಹೊಲಿದವನಿಗೂ ಗುರುತು ಸಿಗುವುದಿಲ್ಲ.