ಸಾಲಕ್ಕೆ ಸಿಗುವ ಹಸಿ ಮರ

ಚನ್ನಪಟ್ಟಣದ ಬೊಂಬೆಯ ಬಣ್ಣಕ್ಕೆ ಮರುಳಾಗುವವರು ಮರ ಯಾರಿಂದ ಬಂತೆಂದು ಕೇಳುವುದಿಲ್ಲ. ಕೇಳಬೇಕಾದವನು ಕಸುಬುದಾರ. ಹಾಲೆ ಮರವನ್ನು ಎರಡು-ಮೂರು ತಿಂಗಳು ಒಣಗಿಸದೆ ಲೇತಿಗೆ ಹಾಕಿದರೆ ಆಮೇಲೆ ಮರ ಕುಗ್ಗಿ, ಅರಗಿನ ಮೈ ಸೀಳುತ್ತದೆ. ಗೊತ್ತಾಗುವುದು ಸರಕು ಅಂಗಡಿ ಸೇರಿದ ಮೇಲೆ!

ಇದು ಯಾರಿಗೆ ತಿಳಿಯದ್ದು? ತೊಡಕು ದುಡ್ಡಿನದು. ಒಣ ಮರದವನು ಕೈಯಲ್ಲಿ ಕಾಸು ಕೇಳುತ್ತಾನೆ. ಹಸಿ ಮರದವನು "ಇಟ್ಕೊಳ್ಳಿ ಅಣ್ಣ, ದುಡ್ಡು ಆಮೇಲೆ ನೋಡೋಣ" ಅಂತಾನೆ. ದಸರೆಯ ಆರ್ಡರು ತಲೆ ಮೇಲೆ ಕೂತಾಗ ಅವನೇ ದೇವರು. ಸಾಲ ಹತ್ತಿದ ಮೇಲೆ ಸರಕು ಬೇಡ ಎನ್ನಲು ಬಾಯಿ ಬರುವುದಿಲ್ಲ, ಪಾಪ.

ಹೊಸಬನಿಂದ ಮೊದಲು ಒಂದೇ ಹೊರೆ ಕೊಳ್ಳಬೇಕು. ಗಂಟು, ತುದಿಯ ಸೀಳು ನೋಡಬೇಕು. ಒಂದು ತುಂಡು ತೂಗಿ, ಹದಿನೈದು ದಿನ ನೆರಳಲ್ಲಿಟ್ಟು ಮತ್ತೆ ತೂಗಬೇಕು. ತೂಕ ಚೆನ್ನಾಗಿ ಇಳಿದಿದ್ದರೆ ಆತ ಮಾರಿದ್ದು ನೀರು. ಇದಕ್ಕೆ ತಕ್ಕಡಿಯೊಂದು ಸಾಕು.

ಅರಗಿನ ಬಣ್ಣಕ್ಕೆ ತಕ್ಕಡಿ ಸಾಲದು. ಅರಿಸಿನವೆಂದು ಬೇರೇನೋ ಹಳದಿ ಕೊಟ್ಟರೆ ಕಣ್ಣಿಗೆ ತಿಳಿಯದು. ಅದರಲ್ಲಿ ಸೀಸ ಇದ್ದರೆ ಪ್ರಯೋಗಾಲಯವೇ ಹೇಳಬೇಕು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಸಿಕ್ಕಿತು, ಸರಿ. ಬೊಂಬೆ ಬಾಯಿಗಿಡುವ ಮಗುವಿಗೆ ಆ ವಿನಾಯಿತಿ ಗೊತ್ತಿಲ್ಲ.

ಬಣ್ಣದವನು ಪರೀಕ್ಷಾ ವರದಿ ತೋರಿಸಲು ಮೀನಮೇಷ ಎಣಿಸಿದರೆ ಅಂಗಡಿ ಬದಲಿಸುವುದೇ ಲೇಸು. ಒಬ್ಬನೇ ಪರೀಕ್ಷೆ ಮಾಡಿಸಿದರೆ ಖರ್ಚು ಭಾರ. ಬೀದಿಯ ನಾಲ್ಕಾರು ಮಂದಿ ಸೇರಿ ಒಂದೇ ಕಡೆ ಅರಗು ಕೊಂಡರೆ ಖರ್ಚು ಹಂಚಿಹೋಗುತ್ತದೆ, ಬಣ್ಣದವನೂ ಮಾತು ಕೇಳುತ್ತಾನೆ.