ಗಾಯವಿಲ್ಲದ ಉರಿ ಮತ್ತು ಕ್ಯಾಲ್ಸಿಯಂ ಬಾಗಿಲು

ಅಂಗಾಲು ಉರಿ, ಸೂಜಿ ಚುಚ್ಚಿದಂಥ ನೋವು, ಹೊದಿಕೆ ತಾಗಿದರೂ ತಡೆಯಲಾಗದ ಸಂಕಟ. ಕಾಲು ನೋಡಿದರೆ ಗಾಯವಿಲ್ಲ, ಬಾವಿಲ್ಲ. ನಾನು ಅಹಮದಾಬಾದಿನ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಇಲ್ಲಿ ಕನ್ನಡದವರು ಸೇರಿದ ಕಡೆಯಲ್ಲೆಲ್ಲ ಯಾರಾದರೊಬ್ಬರು ಮಾತ್ರೆಯ ಸ್ಟ್ರಿಪ್ ಹಿಡಿದು ಬಂದು ಈ ಉರಿಯ ಮಾತು ತೆಗೆಯುತ್ತಾರೆ. ಹೆಚ್ಚಿನವರು ಸಕ್ಕರೆ ಕಾಯಿಲೆಯವರು.

ಸೂರತ್‌ನಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯ ಹಿರಿಯರೊಬ್ಬರಿಗೆ ವೈದ್ಯರು ಪ್ರೀಗ್ಯಾಬಲಿನ್ ಬರೆದುಕೊಟ್ಟಿದ್ದರು. "ಇದು ಕ್ಯಾಲ್ಸಿಯಂ ಚಾನೆಲ್ ಮೇಲೆ ಕೆಲಸ ಮಾಡ್ತದಂತೆ. ಹಾಗಾದ್ರೆ ಹಾಲು, ಮೊಸರು ಬಿಡ್ಬೇಕಾ ಮಾರಾಯ್ರೆ?" ಎಂದು ಕೇಳಿದರು. ಬಿಡಬೇಕಾಗಿಲ್ಲ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ದೇಹವೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ. ಇಲ್ಲಿನ ವಿಷಯ ನರದ ತುದಿಯಲ್ಲಿರುವ ಸೂಕ್ಷ್ಮ ಬಾಗಿಲುಗಳದ್ದು.

ಕಾಲಿನಿಂದ ಹೊರಟ ನೋವಿನ ಸಂಕೇತ ವಿದ್ಯುತ್ತಿನ ಅಲೆಯಾಗಿ ಬೆನ್ನುಹುರಿ ತಲುಪುತ್ತದೆ. ಅಲ್ಲಿ ನರದ ತುದಿಯ ಕ್ಯಾಲ್ಸಿಯಂ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಗ ಪುಟ್ಟ ಚೀಲಗಳಲ್ಲಿ ತುಂಬಿದ್ದ ಗ್ಲುಟಮೇಟ್‌ನಂಥ ರಾಸಾಯನಿಕ ಹೊರಬಿದ್ದು ಮುಂದಿನ ನರವನ್ನು ಎಬ್ಬಿಸುತ್ತದೆ. ನರಕ್ಕೇ ಪೆಟ್ಟಾದಾಗ ಆಲ್ಫಾ-2-ಡೆಲ್ಟಾ ಎಂಬ ಪ್ರೋಟೀನ್ ಹೆಚ್ಚುತ್ತದೆ. ಬಾಗಿಲುಗಳನ್ನು ಹೊತ್ತು ತುದಿಗೆ ಸಾಗಿಸುವುದು ಅದರ ಕೆಲಸ. ಬಾಗಿಲು ಹೆಚ್ಚಾದಂತೆ ಸಣ್ಣ ಸಂಕೇತವೂ ಬೊಬ್ಬೆಯಾಗುತ್ತದೆ. ಗಾಯವಿಲ್ಲದಿದ್ದರೂ ನೋವು ನಿಜವಾಗಿರುವುದು ಹೀಗೆ. "ಎಲ್ಲ ಮನಸ್ಸಿನದ್ದು" ಎಂದು ಮನೆಯವರು ತಳ್ಳಿಹಾಕುವಂತಿಲ್ಲ.

ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಎರಡೂ ಆ ಪ್ರೋಟೀನನ್ನೇ ಹಿಡಿದುಕೊಂಡು ಸಾಗಣೆ ತಗ್ಗಿಸುತ್ತವೆ. ಗ್ಯಾಬಪೆಂಟಿನ್ ಅಮೆರಿಕದಲ್ಲಿ 1993ರಲ್ಲಿ ಬಂದದ್ದು ಮೂರ್ಛೆರೋಗಕ್ಕೆ. ಸರ್ಪಸುತ್ತಿನ ನಂತರದ ನೋವಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಬಾಗಿಲನ್ನೇ ನೇರವಾಗಿ ಮುಚ್ಚುವ ಝಿಕೊನೊಟೈಡ್ 2004ರಲ್ಲಿ ಬಂತು. ವಿಷವಿರುವ ಒಂದು ಕಡಲ ಬಸವನಹುಳುವಿನಿಂದ ತಿಳಿದ ಮದ್ದು ಅದು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಪಂಪ್ ಮೂಲಕ ಬಿಡಬೇಕಾದ್ದರಿಂದ ಕೆಲವರಿಗಷ್ಟೇ ಬಳಕೆ.

ಇದರಲ್ಲಿ ಗುಜರಾತಿನ ಪಾಲೂ ಇದೆ. 2019ರ ಜುಲೈಯಲ್ಲಿ ಅಮೆರಿಕದ ಎಫ್‌ಡಿಎ ಪ್ರೀಗ್ಯಾಬಲಿನ್‌ನ ಮೊದಲ ಜೆನೆರಿಕ್‌ಗಳಿಗೆ ಒಪ್ಪಿಗೆ ಕೊಟ್ಟಾಗ, ಆ ಕಂಪನಿಗಳ ಪಟ್ಟಿಯಲ್ಲಿ 1907ರಲ್ಲಿ ಶುರುವಾದ ವಡೋದರಾದ ಅಲೆಂಬಿಕ್ ಕೂಡ ಇತ್ತು.

ಆದರೆ ಇದು ತಲೆನೋವಿನ ಮಾತ್ರೆಯಂತಲ್ಲ. ಸೂರತ್‌ನ ಹಿರಿಯರು ನಾಲ್ಕೇ ದಿನಕ್ಕೆ "ಏನೂ ಪ್ರಯೋಜನ ಇಲ್ಲ" ಎಂದು ನಿಲ್ಲಿಸಲು ಹೊರಟಿದ್ದರು. ವೈದ್ಯರು ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ಗುಣ ತಿಳಿಯಲು ವಾರಗಳೇ ಹಿಡಿಯಬಹುದು. ಗ್ಯಾಬಪೆಂಟಿನ್ ಪರೀಕ್ಷೆಗಳಲ್ಲಿ ಹತ್ತು ಜನರಲ್ಲಿ ಮೂರು-ನಾಲ್ಕು ಮಂದಿಗೆ ನೋವು ಅರ್ಧದಷ್ಟು ಇಳಿದಿದೆ. ಮದ್ದಿಲ್ಲದ ಮಾತ್ರೆಯಿಂದ ಇಳಿದದ್ದು ಒಬ್ಬಿಬ್ಬರಿಗೆ. ಒಂದು ಮದ್ದು ನಾಟದಿದ್ದರೆ ಬೇರೆ ಇವೆ.

ತಲೆಸುತ್ತು, ತೂಕಡಿಕೆ, ಕಾಲು ಊತ ಬರಬಹುದು. ಇವು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಅದು ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ನಿದ್ರೆ ಮಾತ್ರೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಊರಿಗೆ ಹೊರಟಾಗ ಮಾತ್ರೆ ಮುಗಿಯಿತೆಂದು ಥಟ್ಟನೆ ನಿಲ್ಲಿಸಬಾರದು. ಪಕ್ಕದ ಮನೆಯವರ ಮಾತ್ರೆ ತೆಗೆದುಕೊಳ್ಳಲೂ ಬಾರದು.

ಇನ್ನೊಂದು ಮಾತು. ಈ ಮದ್ದು ಉರಿ ತಗ್ಗಿಸುತ್ತದೆ, ಕೆಟ್ಟ ನರವನ್ನು ಸರಿಮಾಡುವುದಿಲ್ಲ. ಸಕ್ಕರೆ ಹತೋಟಿ ಬೇಕೇ ಬೇಕು. ಅದೇ ಕಾಲು ಮುಂದೆ ಮರಗಟ್ಟಿದರೆ ಗಾಯವಾದರೂ ತಿಳಿಯುವುದಿಲ್ಲ. ಊರಲ್ಲಿರುವ ಅಪ್ಪ-ಅಮ್ಮನಿಗೆ ಇಂದು ರಾತ್ರಿ ಫೋನ್ ಮಾಡಿದಾಗ, ಸಕ್ಕರೆ ಎಷ್ಟಿದೆ ಎಂದು ಕೇಳುವ ಜೊತೆಗೆ ಅಂಗಾಲು ನೋಡಿಕೊಂಡಿರಾ ಎಂದೂ ಕೇಳಿ.