ಕಾವಲು ಕಿರಿದಾಯಿತು, ಗೊಬ್ಬರವೆಲ್ಲಿಂದ?

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಶೇಂಗಾ ಹೊಲದಿಂದ ಒಂದು ಹಿಡಿ ಕೆಂಪು ಮಣ್ಣು ತೆಗೆದು ನೋಡಿ. ಬೆರಳ ಸಂದಿನಿಂದ ಮರಳಿನಂತೆ ಸೋರಿಹೋಗುತ್ತದೆ. ಕಣಗಳನ್ನು ಹಿಡಿದಿಡುವ ಸಾವಯವ ಇಂಗಾಲ ಅದರಲ್ಲಿ ಸಾಲದು. ಮಣ್ಣು ಪರೀಕ್ಷೆಯಲ್ಲಿ ಇದು ಶೇಕಡ 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ' ಎಂದು ಬರೆಯುತ್ತಾರೆ. ಗಾಳಿಯಲ್ಲಿ ಇಂಗಾಲ ಹೆಚ್ಚಿತೆಂದು ಜಗತ್ತೆಲ್ಲ ಚಿಂತಿಸುತ್ತಿದ್ದರೆ, ನಮ್ಮ ಹೊಲಕ್ಕೆ ಅದರದೇ ಬರ!

ಈ ಕೊರತೆಯನ್ನು ಹಿಂದೆ ತುಂಬುತ್ತಿದ್ದುದು ಅಮೃತಮಹಲ್ ಕಾವಲು. ಹಗಲು ಅಲ್ಲಿ ಮೇದ ದನ, ಕುರಿ ರಾತ್ರಿ ಹೊಲದಲ್ಲೋ ಕೊಟ್ಟಿಗೆಯಲ್ಲೋ ಗೊಬ್ಬರ ಹಾಕುತ್ತಿದ್ದವು. ಹುಲ್ಲಿನ ಬೇರು ನೆಲದೊಳಗೆ ಇಂಗಾಲ ಕೂಡಿಡುತ್ತಿತ್ತು. 2010ರ ಆಸುಪಾಸಿನಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹೋಯಿತು. 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಸಂಶೋಧನೆ ಬೇಡವೆಂದು ನಾನು ಹೇಳುವವನಲ್ಲ. ಆದರೆ ಹುಲ್ಲುಗಾವಲನ್ನು 'ಬೀಳು' ಎಂದು ಕರೆಯುವುದು ತಪ್ಪು. ಉಳಿದ ಗೋಮಾಳದಲ್ಲಿ ನೀಲಗಿರಿ ನೆಟ್ಟು ಹಸಿರು ಮಾಡಿದೆವೆನ್ನುವುದೂ ಅಷ್ಟೇ ತಪ್ಪು.

ಇರುವ ಗೋಮಾಳವನ್ನು ನಾಲ್ಕು ಭಾಗ ಮಾಡಿ, ಸರದಿಯಂತೆ ಒಂದಕ್ಕೆ ಮುಂಗಾರಿನಿಂದ ಹುಲ್ಲು ಬೀಜ ಕಟ್ಟುವವರೆಗೆ ದನ ಬಿಡಬೇಡಿ. ಇದನ್ನು ಗ್ರಾಮ ಪಂಚಾಯಿತಿಯ ಯೋಜನೆಯಲ್ಲೇ ಸೇರಿಸಬೇಕು. ಆ ಸಭೆಗೆ ದೇವರ ಎತ್ತುಗಳ ಕಿಲಾರಿಗಳನ್ನು ತಪ್ಪದೆ ಕರೆಯಿರಿ. ಯಾವ ಹುಲ್ಲು ಎಲ್ಲಿ, ಯಾವಾಗ ಚಿಗುರುತ್ತದೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮಳೆಯಾಶ್ರಿತ ಶೇಂಗಾಕ್ಕೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಬೇಕು. ಅಷ್ಟು ಎಲ್ಲಿದೆ ಎಂದು ನೀವು ಕೇಳುವುದು ನ್ಯಾಯವೇ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವ ರೂಢಿಯನ್ನು ಬಿಡಬೇಡಿ. ಸಗಣಿ ಬೆರಣಿಯಾಗಿ ಉರಿದರೆ ಹೊಲಕ್ಕೆ ಬರಬೇಕಾದ ಇಂಗಾಲ ಹೊಗೆಯಾಗುತ್ತದೆ. ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿದ್ದು ಇಂದು ಕುದಾಪುರದಲ್ಲಿ ಆವರಣ ಹೊಂದಿರುವ ವಿಜ್ಞಾನ ಸಂಸ್ಥೆಯೇ ಎಂಬುದನ್ನು ಇಲ್ಲಿ ನೆನೆಯಬಹುದು. ನೂರು ಕಿಲೋ ಶೇಂಗಾ ಸುಲಿದರೆ 25ರಿಂದ 30 ಕಿಲೋ ಸಿಪ್ಪೆ ಸಿಗುತ್ತದೆ. ಅದನ್ನು ಹಸಿಯಾಗಿ ಹೊಲಕ್ಕೆ ಹಾಕಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ. ಆದ್ದರಿಂದ ಸಗಣಿ ಬಗ್ಗಡದೊಡನೆ ಗುಂಡಿಯಲ್ಲಿ ಚೆನ್ನಾಗಿ ಕಳಿಸಿ ಹಾಕಿ.

ಬದುವಿನ ಮೇಲೆ ಐದು ಮೀಟರಿಗೊಂದರಂತೆ ಹೊಂಗೆ ನೆಡಿ. ಸೊಪ್ಪನ್ನು ಹಸಿಯಿರುವಾಗಲೇ ಬಿತ್ತನೆಗೆ ಮೂರು ವಾರ ಮೊದಲು ಮಣ್ಣಿಗೆ ಸೇರಿಸಿ. ಕುರಿ, ಮೇಕೆ ಹೊಂಗೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಬೇಲಿಯ ಖರ್ಚೂ ಉಳಿಯುತ್ತದೆ.